ಒಂದೇ ಔಷಧ, ಹಲವು ಹರಳು

1832ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ವೋಲರ್ ಮತ್ತು ಲೀಬಿಗ್ ಬೆಂಜಮೈಡ್‌ನ ಬಿಸಿ ದ್ರಾವಣವನ್ನು ಆರಲು ಬಿಟ್ಟರು. ಮೊದಲು ರೇಷ್ಮೆಯಂತೆ ಹೊಳೆಯುವ ಸೂಜಿ ಹರಳುಗಳು ಮೂಡಿದವು. ಹಾಗೇ ಬಿಟ್ಟಾಗ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಸೂಜಿಗಳು ಅಳಿದು ಅವುಗಳ ಜಾಗದಲ್ಲಿ ದಪ್ಪ ಹರಳುಗಳು ಬೆಳೆದವು. ಅಣು ಅದೇ, ಅಣುಗಳು ಜೋಡಿಕೊಂಡ ಬಗೆ ಮಾತ್ರ ಬೇರೆ. ಸಾವಯವ ವಸ್ತುಗಳಲ್ಲಿ ‘ಬಹುರೂಪತೆ’ ಕಂಡ ಮೊದಲ ಪ್ರಸಂಗ ಇದು.

ಔಷಧದ ವಿಷಯದಲ್ಲಿ ಈ ವ್ಯತ್ಯಾಸ ರೋಗಿಯ ದೇಹದವರೆಗೂ ಮುಟ್ಟುತ್ತದೆ. ಮಾತ್ರೆಯಲ್ಲಿರುವ ಔಷಧ ಕರಗಿದರೆ ತಾನೇ ರಕ್ತಕ್ಕೆ ಸೇರುವುದು? ಸ್ಥಿರವಾದ ಹರಳಿನಿಂದ ಅಣುಗಳನ್ನು ಬಿಡಿಸಲು ಹೆಚ್ಚು ಶಕ್ತಿ ಬೇಕು, ಹಾಗಾಗಿ ಅದು ಕಡಿಮೆ ಕರಗುತ್ತದೆ. ಅಸ್ಥಿರ ರೂಪ ಚೆನ್ನಾಗಿ ಕರಗುತ್ತದೆ, ಆದರೆ ದಾಸ್ತಾನಿನಲ್ಲಿರುವಾಗಲೇ ಸ್ಥಿರ ರೂಪಕ್ಕೆ ತಿರುಗಿಬಿಡಬಹುದು. ಈ ಕ್ಷೇತ್ರದ ಚರಿತ್ರೆಯೆಲ್ಲ ಈ ಎಳೆದಾಟದ ಚರಿತ್ರೆಯೇ.

ಇದರ ತೂಕ ಔಷಧ ತಯಾರಕರಿಗೆ ಮನದಟ್ಟಾದದ್ದು 1960ರ ದಶಕದಲ್ಲಿ. ಕಹಿಯಾದ ಕ್ಲೋರಾಂಫೆನಿಕಾಲ್ ಅನ್ನು ಮಕ್ಕಳು ಕುಡಿಯಲೆಂದು ರುಚಿಯಿಲ್ಲದ ಪಾಮಿಟೇಟ್ ರೂಪಕ್ಕೆ ತಂದಿದ್ದರು. ಅದರ ‘ಬಿ’ ಹರಳು ರಕ್ತದಲ್ಲಿ ಸಾಕಷ್ಟು ಔಷಧವನ್ನು ಒದಗಿಸುತ್ತಿತ್ತು, ‘ಎ’ ಹರಳಿನಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ ಎಂಬುದನ್ನು 1967ರ ಅಧ್ಯಯನ ತೋರಿಸಿತು. ‘ಎ’ ಪ್ರಮಾಣ ಶೇ 10 ಮೀರಬಾರದೆಂಬ ಮಿತಿ ಆಮೇಲೆ ಔಷಧಕೋಶಗಳಲ್ಲಿ ಸೇರಿತು. ಒಂದು ವಸ್ತುವಿನ ಮೇಲೆ ಎಷ್ಟು ಸಮಯ, ಹಣ ಸುರಿದರೆ ಅಷ್ಟು ರೂಪಗಳು ಸಿಗುತ್ತವೆ ಎಂದು ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಹೇಳಿದ್ದೂ ಅದೇ ದಶಕದಲ್ಲಿ, 1965ರಲ್ಲಿ.

ಆ ಮಾತಿನ ಸತ್ಯ 1998ರಲ್ಲಿ ಏಡ್ಸ್ ರೋಗಿಗಳನ್ನು ತಟ್ಟಿತು.

ಅಬಾಟ್ ಕಂಪನಿಯ ರಿಟೊನಾವಿರ್ 1996ರಲ್ಲಿ ಮಾರುಕಟ್ಟೆಗೆ ಬಂದಾಗ ಅದಕ್ಕೆ ಒಂದೇ ಹರಳು ರೂಪ ಎಂದೇ ಎಲ್ಲರ ತಿಳಿವಳಿಕೆ. ಎರಡು ವರ್ಷದ ಬಳಿಕ ಕ್ಯಾಪ್ಸೂಲ್‌ಗಳು ಕರಗುವ ಪರೀಕ್ಷೆಯಲ್ಲಿ ಸೋಲತೊಡಗಿದವು. ಒಳಗಿನ ಔಷಧ ಅದುವರೆಗೆ ಯಾರೂ ಕಾಣದ ಎರಡನೇ ರೂಪಕ್ಕೆ ತಿರುಗಿತ್ತು. ಅದು ಹೆಚ್ಚು ಸ್ಥಿರ, ಆದರೆ ಬಹಳ ಕಡಿಮೆ ಕರಗುವಂಥದ್ದು. ಕ್ಯಾಪ್ಸೂಲಿನಲ್ಲಿದ್ದ ದ್ರಾವಣ ಮೊದಲ ರೂಪಕ್ಕೆ ಪರ್ಯಾಪ್ತವೂ ಆಗಿರಲಿಲ್ಲ, ಎರಡನೆಯದಕ್ಕೆ ಮಾತ್ರ ಅತಿಪರ್ಯಾಪ್ತ. ಹೊಸ ಹರಳಿನ ಬೀಜ ಬಿದ್ದದ್ದೇ ತಡ, ಔಷಧ ಹೊರಬಿದ್ದು ಹರಳುಗಟ್ಟುತ್ತಿತ್ತು. ಕ್ಯಾಪ್ಸೂಲ್‌ಗಳನ್ನು ಹಿಂಪಡೆಯಬೇಕಾಯಿತು. ಕಹಿ ದ್ರವರೂಪದ ಔಷಧವನ್ನೇ ನೆಚ್ಚಿದ ರೋಗಿಗಳು ಹೊಸ ಕ್ಯಾಪ್ಸೂಲಿಗಾಗಿ 1999ರವರೆಗೆ ಕಾದರು. ಇಂಥದ್ದೇ ತೊಂದರೆ 2008ರಲ್ಲಿ ಪಾರ್ಕಿನ್ಸನ್ ರೋಗಕ್ಕೆ ಚರ್ಮದ ಮೇಲೆ ಅಂಟಿಸುವ ರೊಟಿಗೊಟಿನ್ ಔಷಧದ ಪಟ್ಟಿಗೂ ಬಂತು. ಪಟ್ಟಿಯ ಮೇಲೆ ಹಿಮದ ಹೂವಿನಾಕಾರದ ಹರಳುಗಳು ಕಾಣಿಸಿಕೊಂಡು, ಅದು ಅಮೆರಿಕದ ಮಾರುಕಟ್ಟೆಗೆ ಮರಳಿದ್ದು 2012ರಲ್ಲಿ.

ಈಗ ಔಷಧವೊಂದು ಮಾರುಕಟ್ಟೆಗೆ ಬರುವ ಮುನ್ನವೇ ಅದರ ರೂಪಗಳ ಶೋಧ ನಡೆಯುತ್ತದೆ. ಎಕ್ಸ್-ರೇ ವಿವರ್ತನೆಯಿಂದ ಅವುಗಳನ್ನು ಗುರುತಿಸುತ್ತಾರೆ, ಇನ್ನೂ ಹುಟ್ಟದ ರೂಪಗಳನ್ನು ಕಂಪ್ಯೂಟರ್ ಲೆಕ್ಕದಿಂದ ಊಹಿಸುತ್ತಾರೆ. ಬೇಕಾದ ಗುಣದ ಹರಳನ್ನೇ ಕಟ್ಟುವ ‘ಹರಳು ಎಂಜಿನಿಯರಿಂಗ್’ಗೆ ನೆಲೆ ಒದಗಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಗೌತಮ್ ದೇಸಿರಾಜು ಪ್ರಮುಖರು. ಕಾನೂನಿಗೂ ಈ ವಿಷಯ ಬಂತು. ರಕ್ತ ಕ್ಯಾನ್ಸರಿನ ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳಿಗೆ ಸುಪ್ರೀಂ ಕೋರ್ಟ್ 2013ರಲ್ಲಿ ಪೇಟೆಂಟ್ ನಿರಾಕರಿಸಿತು. ಸ್ಥಿರತೆಯಂಥ ಭೌತಿಕ ಗುಣ ಮೇಲಾದ ಮಾತ್ರಕ್ಕೆ ರೋಗ ಗುಣಪಡಿಸುವ ಸಾಮರ್ಥ್ಯ ಹೆಚ್ಚಿದಂತಲ್ಲ ಎಂಬುದು ಅದರ ನಿಲುವು.

ಹರಳೇ ಬೇಡವೆನ್ನುವ ದಾರಿಯೂ ಇದೆ. 2005ರ ಕಲೆಟ್ರಾ ಮಾತ್ರೆಯಲ್ಲಿ ರಿಟೊನಾವಿರ್ ಅನ್ನು ಹರಳುಗಟ್ಟದಂತೆ ಪಾಲಿಮರ್‌ನಲ್ಲಿ ಹಂಚಿಟ್ಟರು, ಅದಕ್ಕೆ ಫ್ರಿಜ್ ಕೂಡ ಬೇಕಿಲ್ಲ. ಅಷ್ಟೆಲ್ಲ ಜಾಲಾಡಿದ ಆ ಔಷಧದ ಮೂರನೇ ಹರಳು ರೂಪ ವರದಿಯಾದದ್ದು 2022ರಲ್ಲಿ.