ಜೋಳದ ಋಣ: ಕನ್ನಡದ ಕೃತಜ್ಞತೆಯನ್ನು ನಾವು ಓದಿದ ಬಗೆ

ಹುಬ್ಬಳ್ಳಿಯ ಗೋಪನಕೊಪ್ಪದ ಹಿರಿಯರು ಉಂಡೆದ್ದ ಮೇಲೆ 'ಧನ್ಯವಾದ' ಅನ್ನುವುದಿಲ್ಲ. 'ನಿನ್ನ ಹೊಟ್ಟಿ ತಣ್ಣಗಿರಲಿ' ಅನ್ನುತ್ತಾರೆ. ಇದನ್ನು ಅರಿಯದವರು ಕನ್ನಡಕ್ಕೆ ಕೃತಜ್ಞತೆಯ ಮನೆಮಾತೇ ಇಲ್ಲವೆಂದು ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಹೇಳುತ್ತಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಎಮನ್ಸ್ ಮತ್ತು ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೇ ಅವರಿಗೆ ಆಧಾರ. ದೊರೆತ ಒಳಿತನ್ನು ಬರೆದಿಟ್ಟವರ ಮನಸ್ಸು ಹಗುರಾಯಿತೆಂದು ತೋರಿಸಿದ ಆ ಕೆಲಸ ಗೌರವಕ್ಕೆ ಅರ್ಹ. ಆದರೆ ಕೃತಜ್ಞತೆಯೆಂದರೆ ಒಳಿತಿನ ಪಟ್ಟಿ ಎಂದು ತಿಳಿದರೆ, ನಮ್ಮ ಸಾವಿರ ವರ್ಷದ ಬಾಳು ಕಣ್ಣಿಗೆ ಬೀಳುವುದಿಲ್ಲ.

ಆ ಬಾಳಿನ ಮೊದಲ ಘಟ್ಟ ಶಾಸನ, ಕಾವ್ಯಗಳದು. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ವೀರ ಮಣಲೇರನು ಹಂದಿಯೊಡನೆ ಹೋರಾಡಿ ಸತ್ತ ತನ್ನ ನಾಯಿ ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದ. ಹಳಗನ್ನಡದ 'ಜೋಳವಾಳಿ'ಯೆಂದರೆ ಉಂಡ ಅನ್ನಕ್ಕೆ ಸಲ್ಲಿಸುವ ನಿಷ್ಠೆ. ಪಂಪನ ಕರ್ಣ ಸೋಲುವ ಪಕ್ಷವನ್ನು ಬಿಡದಿದ್ದುದೂ ಈ ಋಣದಿಂದಲೇ. ಹನ್ನೆರಡನೆಯ ಶತಮಾನದ ಶರಣರು ಋಣವನ್ನು ಹಂಗಿನಿಂದ ಬಿಡಿಸಿದರು. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳು. ಸಾಕೆನ್ನುವುದೂ ಕೃತಜ್ಞತೆಯೇ ಎಂಬ ಈ ನಿಲುವಿನ ಬೆಲೆಯನ್ನು ನಮ್ಮ ವಿಮರ್ಶೆ ಇನ್ನೂ ಪೂರ್ತಿ ಕಟ್ಟಿಲ್ಲ.

ಈ ಓದಿಗೆ ನಿಜವಾದ ತಿರುವು ವಿಜಯಪುರ ಜಿಲ್ಲೆಯ ಹಲಸಂಗಿಯಿಂದ ಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರ ಪರಿಶ್ರಮದಿಂದ 1931ರಲ್ಲಿ 'ಗರತಿಯ ಹಾಡು' ಬಂದಾಗ, ನಸುಕಿನಲ್ಲಿ ಬೀಸುವ ಹೆಣ್ಣುಮಗಳು ಭೂಮಿಯನ್ನೂ ಬೀಸುಕಲ್ಲನ್ನೂ ತವರನ್ನೂ ನೆನೆಯುವ ಬಗೆ ಓದುಗರಿಗೆ ಕೇಳಿಸಿತು. ಅವಳು ಸುಖವಾಗಿದ್ದಳೆಂದಲ್ಲ, ದುಃಖದ ಹಾಡೂ ನೆನೆಯುವ ಹಾಡೂ ಅದೇ ಕಲ್ಲಿನ ಮುಂದೆ ಹುಟ್ಟಿದವು. ಬೇಂದ್ರೆ ಈ ಗುಂಪಿನ ಒಡನಾಡಿ. ಭೂಮಿತಾಯಿಯ ಚೊಚ್ಚಿಲ ಮಗನ ಹಸಿವನ್ನು ಬರೆದ ಅವರು ಕೃತಜ್ಞತೆಯ ಹೆಸರಲ್ಲಿ ನೋವನ್ನು ಮುಚ್ಚಲಿಲ್ಲ. ಮುಂದೆ ಧಾರವಾಡದಲ್ಲಿ ಬಿ.ಎಸ್. ಗದ್ದಗಿಮಠ, ಎಂ.ಎಸ್. ಸುಂಕಾಪುರ ಹಾಡು-ಆಟಗಳ ಅಧ್ಯಯನಕ್ಕೆ ಶಿಸ್ತು ತಂದರು. ನಮ್ಮ ತಲೆಮಾರು ಟೇಪ್‌ರೆಕಾರ್ಡರ್ ಹೊತ್ತು ಹೊಲಕ್ಕಿಳಿದು, ಹಾಡಿನ ಜೊತೆಗೆ ಆಚರಣೆಯನ್ನೂ ಓದಲು ಕಲಿತದ್ದು ಇವರ ಹಾದಿಯಲ್ಲೇ.

ಆ ಓದಿಗೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಚರಗ ಒಳ್ಳೆಯ ಪಾಠ. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಕಡಬಿನ ಬುತ್ತಿ ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಅನ್ನ ಚೆಲ್ಲಿದ ಮೇಲೆಯೇ ಮನೆಯವರ ಊಟ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ, 2024ರ ಜನವರಿ 11ರಂದು, ಗೋಪನಕೊಪ್ಪದಾಚೆಯ ಎರೆಹೊಲವೊಂದರಲ್ಲಿ ನಾನಿದ್ದೆ. ಜೋಳ ಮೊಣಕಾಲು ಮುಟ್ಟಿರಲಿಲ್ಲ. ಬಿರುಕಿನಲ್ಲಿ ಅಂಗೈ ಇಳಿಯುತ್ತಿತ್ತು. ಮುದುಕಿಯೊಬ್ಬಳು ಆ ಬಿರುಕಿಗೇ ತುತ್ತು ಹಾಕುತ್ತಿದ್ದಳು. ಬೆಳೆಯೇ ಇಲ್ಲವಲ್ಲ ಎಂದೆ. 'ಬೆಳಿ ಬರಲಿಲ್ಲಂದ್ರ ಆಕಿನೂ ಉಪವಾಸ ಅದಾಳ. ಉಪವಾಸ ಇದ್ದಾಕಿಗೆ ಮೊದಲ ಉಣಸಬೇಕಲ್ಲ?' ಅಂದಳು.

ಫಲಕ್ಕೆ ಪ್ರತಿಯಾಗಿ ಸಲ್ಲಿಸುವ ವಂದನೆ ಎಂದೇ ಚರಗವನ್ನು ನಾವು ಬರೆದಿದ್ದೆವು. ಆಕೆಯ ಮಾತು ಆ ಬರಹವನ್ನು ತಿದ್ದಿತು. ಸುಗ್ಗಿಯಲ್ಲಿ ಕೊಟ್ಟ ಭೂಮಿತಾಯಿಯನ್ನು ಬರದಲ್ಲಿ ಒಂಟಿಯಾಗಿ ಬಿಡದಿರುವುದೇ ಆ ಮುದುಕಿಯ ಕೃತಜ್ಞತೆ.

ಉಳಿದ ಕೆಲಸ ದೊಡ್ಡದು. ನನ್ನ ಟಿಪ್ಪಣಿಗಳಲ್ಲೂ ಸುಗ್ಗಿಯ ವರ್ಷಗಳೇ ಹೆಚ್ಚು, ಬರಗಾಲದವು ಕಡಿಮೆ. ಹೊಲದೊಡೆಯನ ಮಾತು ತುಂಬಿದೆ. ಕೂಲಿಗೆ ಬಂದು ಅದೇ ಭೂಮಿಗೆ ಬೆವರು ಸುರಿಸಿದವಳ ಮಾತು ಸಾಲುಗಳ ನಡುವೆ ಕಳೆದಿದೆ. ಭೂಮಿಗೆ ತುತ್ತು ಹಾಕಿ ಅವಳ ಕೂಲಿಯನ್ನು ಕಡಿದರೆ ಅದು ಋಣ ತೀರಿಸಿದಂತಲ್ಲ. ಹಳ್ಳಿಯಾಗಿದ್ದ ಗೋಪನಕೊಪ್ಪ ಇಂದು ಮಹಾನಗರದ ಬಡಾವಣೆ. ಹೊಲ ಪ್ಲಾಟಾದ ಮನೆಗಳಲ್ಲಿ ಬುತ್ತಿ ಎಲ್ಲಿಗೆ ಹೋಗುತ್ತದೆಂಬುದನ್ನೂ ಬರೆದಿಡಬೇಕು.

ಕಿರಿಯ ಸಂಶೋಧಕರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಎಳ್ಳಮಾಸಿಗೆ ಬೆಳೆ ಬಾರದ ಹೊಲಕ್ಕೆ ಮೊದಲು ಹೋಗಿ, ಕೂಲಿಯವಳ ಪಕ್ಕ ಕುಳಿತು ಉಣ್ಣಿರಿ. ಆಮೇಲೆ ಬರೆಯಿರಿ.