ಚಳ್ಳಕೆರೆ ವೈಮಾನಿಕ ಪರೀಕ್ಷಾ ವಲಯ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿರುವ ಈ ಕೇಂದ್ರ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯದು (ಡಿಆರ್‌ಡಿಒ). ವಿಸ್ತೀರ್ಣ ಸುಮಾರು 4,290 ಎಕರೆ, ರನ್‌ವೇಯ ಉದ್ದ 2.2 ಕಿ.ಮೀ. ನೆರೆಯ ಮೊಳಕಾಲ್ಮುರಿನ ತನಕ ಹಬ್ಬಿದ ಈ ಸೀಮೆಯಲ್ಲಿ ಮಳೆ ಕಡಿಮೆ, ಬಯಲು ಹೆಚ್ಚು. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ಇಳಿಸುವ ವಿದ್ಯೆಯನ್ನು ದೇಶ ಮುಖ್ಯವಾಗಿ ಪರೀಕ್ಷಿಸುತ್ತಿರುವುದು ಇಲ್ಲಿಯೇ.

ಪೈಲಟ್ ಇರುವ ಸಣ್ಣ ವಿಮಾನ ಇಳಿಯುವಾಗ ನಿಯಂತ್ರಣ ಗೋಪುರದವರು ರನ್‌ವೇ ಸಂಖ್ಯೆ, ಗಾಳಿಯ ದಿಕ್ಕು ಮತ್ತು ವೇಗ ತಿಳಿಸಿ ಅನುಮತಿ ಕೊಡುತ್ತಾರೆ. ಕೇಳಿದ್ದು ಸರಿಯೇ ಎಂಬುದಕ್ಕೆ ಪೈಲಟ್ ಅದನ್ನು ತಿರುಗಿ ಹೇಳಬೇಕು. ರೇಡಿಯೊ ಕೆಟ್ಟರೆ ಗೋಪುರದಿಂದ ದೀಪ ತೋರಿಸುತ್ತಾರೆ: ನಿಂತು ಉರಿಯುವ ಹಸಿರು ಬೆಳಕಾದರೆ ಇಳಿಯಬಹುದು, ಮಿನುಗುವ ಕೆಂಪಾದರೆ ಇಳಿಯಕೂಡದು. ಆದರೆ ಒಳಗೆ ಕೇಳುವವರೂ ನೋಡುವವರೂ ಇಲ್ಲದಿದ್ದರೆ?

ಆ ಕಷ್ಟ 2009ರ ನವೆಂಬರ್ 16ರಂದು ಹೊಸೂರಿನಲ್ಲಿ ಎದುರಾಯಿತು. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಡಿಇ ರೂಪಿಸಿದ ಪೈಲಟ್ ಇಲ್ಲದ ವಿಮಾನ ರುಸ್ತುಂ-1 ಮೊದಲ ಹಾರಾಟದಲ್ಲಿತ್ತು. ನೆಲದಲ್ಲಿದ್ದ ಪೈಲಟ್‌ಗೆ ವಿಮಾನದ ಎತ್ತರದ ಅಂದಾಜು ತಪ್ಪಿತು. ನೆಲದಿಂದ ಹೋದ ಆದೇಶಕ್ಕೆ ಎಂಜಿನ್ ಬೇಗನೆ ನಿಂತು, ವಿಮಾನ ಬಿತ್ತು. ಆದೇಶ ಸರಿಯಾಗಿಯೇ ತಲುಪಿತ್ತು, ತಪ್ಪಿದ್ದು ಅದನ್ನು ಕೊಟ್ಟ ಗಳಿಗೆ. ಮುಂದಿನ ವರ್ಷ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಹಾರಾಟ ಯಶಸ್ವಿಯಾಯಿತು.

ಅದರ ನಂತರ ಬಂದ ರುಸ್ತುಂ-2 ಚಳ್ಳಕೆರೆಯಲ್ಲಿ ಮೊದಲು ಹಾರಿದ್ದು 2016ರ ನವೆಂಬರ್‌ನಲ್ಲಿ. ಕೇಂದ್ರದ ವಿಧ್ಯುಕ್ತ ಉದ್ಘಾಟನೆ ಆದದ್ದು ಆಮೇಲೆ, 2017ರ ಮೇ 28ರಂದು, ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಅವರಿಂದ.

ತಪಸ್ ಎಂದೂ ಕರೆಯುವ ರುಸ್ತುಂ-2 2023ರ ಜೂನ್ 16ರಂದು ಇಲ್ಲಿಂದ ಹೊರಟು ಕಾರವಾರದ ಕಡಲಿನತ್ತ ಸಾಗಿತು. 20,000 ಅಡಿ ಎತ್ತರದಲ್ಲಿದ್ದ ಅದರ ಹಿಡಿತವನ್ನು ಕಾರವಾರದಿಂದ 148 ಕಿ.ಮೀ. ದೂರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿಗೆ 40 ನಿಮಿಷ ಒಪ್ಪಿಸಲಾಗಿತ್ತು. ಬಳಿಕ ವಿಮಾನ ಹೊರಟ ರನ್‌ವೇಗೇ ಮರಳಿ ಇಳಿಯಿತು.

ಎಲ್ಲ ಹಾರಾಟಗಳೂ ಹೀಗೆ ಮುಗಿಯಲಿಲ್ಲ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ವಿಮಾನಗಳು ನೆಲಕ್ಕಪ್ಪಳಿಸಿದವು. ಜೀವಹಾನಿ ಆಗಲಿಲ್ಲ. ಪರೀಕ್ಷಾ ಹಾರಾಟದಲ್ಲಿ ವಿಮಾನ ಬೀಳುವುದು ಹೊಸತಲ್ಲ, ಆದರೆ ಅದು ಬೀಳುವುದು ಯಾರದೋ ಹೊಲದಲ್ಲಿ. ಈ ಕೇಂದ್ರಕ್ಕೆ ಸಿಕ್ಕ ನೆಲವೂ ಅಮೃತಮಹಲ್ ಕಾವಲಿನದು, ಅಂದರೆ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿನದು. ದನ-ಕುರಿ ಮೇಯಿಸುವವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ವಿಮಾನದೊಳಗೆ ಯಾರೂ ಇಲ್ಲದಿದ್ದಾಗ ಸುರಕ್ಷತೆಯ ಲೆಕ್ಕವನ್ನು ಕೆಳಗಿನ ಹಳ್ಳಿಗಳಿಂದಲೇ ಶುರುಮಾಡಬೇಕು.

ನೆಲದ ನೆರವಿಲ್ಲದೆ ಇಳಿಯುವ ಪ್ರಯೋಗವೂ ಇಲ್ಲಿಯೇ ನಡೆದಿದೆ. ಬಾಲವಿಲ್ಲದ ಸ್ವಯಂಚಾಲಿತ ವಿಮಾನವೊಂದು 2022ರ ಜುಲೈ 1ರಂದು ಮೊದಲ ಬಾರಿ ಹಾರಿ, ತಾನೇ ಇಳಿಯಿತು. 2023ರ ಡಿಸೆಂಬರ್‌ನಲ್ಲಿ ನೆಲದ ರೇಡಾರ್ ಇಲ್ಲದೆ, ಉಪಗ್ರಹ ಆಧಾರಿತ ಗಗನ್ ವ್ಯವಸ್ಥೆಯನ್ನು ನೆಚ್ಚಿಕೊಂಡು ಅದು ರನ್‌ವೇ ಮುಟ್ಟಿತು.

ಇಸ್ರೊದ ಮರುಬಳಕೆಯ ಉಡಾವಣಾ ವಾಹನ 'ಪುಷ್ಪಕ್' ಕೂಡ ಈ ರನ್‌ವೇಯನ್ನೇ ಬಳಸಿದೆ. 2024ರ ಜೂನ್ 23ರ ಬೆಳಿಗ್ಗೆ 4.5 ಕಿ.ಮೀ. ಎತ್ತರದಲ್ಲಿ ಚಿನೂಕ್ ಹೆಲಿಕಾಪ್ಟರ್ ಅದನ್ನು ಬಿಟ್ಟಿತು. ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕಿದ್ದ ವಾಹನ ತಾನೇ ದಿಕ್ಕು ತಿದ್ದಿಕೊಂಡು ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಇಳಿಯಿತು. ಪ್ಯಾರಾಚೂಟ್ ಬಿಚ್ಚಿ ವೇಗ 100 ಕಿ.ಮೀ.ಗೆ ತಗ್ಗಿದ ಮೇಲೆ ಚಕ್ರಗಳ ಬ್ರೇಕ್ ಹಿಡಿದು ನಿಂತಿತು.