ಫಸ್ಟ್ ಕ್ಲಾಸ್ ಬಂದರೆ ಮೊಬೈಲ್ ಎಂದರೆ ಮಕ್ಕಳು ಓದುತ್ತಾರಾ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಪೋಷಕರಿಗೆ ಬುದ್ಧಿ ಹೇಳುವ ಮೆಸೇಜ್‌ಗಳು ಶುರುವಾಗುತ್ತವೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ, ಮನೆಯವರಲ್ಲೇ ಮೊದಲ ಬಾರಿಗೆ ಹತ್ತನೇ ತರಗತಿ ಮೆಟ್ಟಿಲು ಹತ್ತಿದ ಮಕ್ಕಳೂ ಇದ್ದಾರೆ. "ನಾವೇ ಓದಿಲ್ಲ, ಏನು ಹೇಳಿಕೊಡೋಣ?" ಎನ್ನುವ ಅಪ್ಪ-ಅಮ್ಮ ಇಂಥ ಮೆಸೇಜ್‌ಗಳನ್ನು ನಂಬಿಬಿಡುತ್ತಾರೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಪರಿಶೀಲಿಸೋಣ.

ಹೇಳಿಕೆ 1: ಬಹುಮಾನದ ಆಸೆ ತೋರಿಸಿದರೆ ಅಂಕ ಬರುತ್ತದೆ

ಭಾಗಶಃ ನಿಜ. ಅಮೆರಿಕದ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯೂಯಾರ್ಕ್‌ನ ಮಕ್ಕಳಿಗೆ ಪರೀಕ್ಷೆಯ ಅಂಕಕ್ಕೆ ಹಣ ಕೊಟ್ಟರೂ ಅಂಕ ಏರಲಿಲ್ಲ. ಡಲ್ಲಾಸ್‌ನಲ್ಲಿ ಚಿಕ್ಕ ಮಕ್ಕಳಿಗೆ ಓದಿದ ಪ್ರತಿ ಪುಸ್ತಕಕ್ಕೆ 2 ಡಾಲರ್ ಕೊಟ್ಟಾಗ ಓದಿನ ಗ್ರಹಿಕೆ ಸುಧಾರಿಸಿತು. ಅಂಕ ಬೇಕೆಂಬ ಆಸೆ ಮಕ್ಕಳಿಗೂ ಇರುತ್ತದೆ, ಅದಕ್ಕೆ ಇವತ್ತು ಏನು ಮಾಡಬೇಕು ಎಂಬುದೇ ತಿಳಿದಿರುವುದಿಲ್ಲ. ಹಾಗಾಗಿ ಫಲಿತಾಂಶಕ್ಕಲ್ಲ, ದಿನದ ಕೆಲಸಕ್ಕೆ ಶಹಬ್ಬಾಸ್ ಹೇಳಿ.

ಹೇಳಿಕೆ 2: "ನೀನು ತುಂಬಾ ಜಾಣ" ಎಂದರೆ ಹುರುಪು ಬರುತ್ತದೆ

ಹುರುಪು ಬರಬಹುದು, ಉಳಿಯುವುದು ಕಷ್ಟ. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜಾಣತನಕ್ಕೆ ಹೊಗಳಿಕೆ ಪಡೆದ ಮಕ್ಕಳು ಮುಂದೆ ಕಷ್ಟದ ಪ್ರಶ್ನೆಯಲ್ಲಿ ಸೋತಾಗ ಬೇಗ ಕೈಚೆಲ್ಲಿದರು. ಶ್ರಮಕ್ಕೆ ಹೊಗಳಿಕೆ ಪಡೆದವರು ಪ್ರಯತ್ನ ಮುಂದುವರಿಸಿದರು.

ಹೇಳಿಕೆ 3: ನಿದ್ದೆ ಬಿಟ್ಟು ಓದಿದವರೇ ಪಾಸು

ತಪ್ಪು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಹದಿಹರೆಯದಲ್ಲಿ ನಿದ್ದೆ ತಡವಾಗಿ ಬರುವುದು ಸಹಜ. ಹನ್ನೆರಡಕ್ಕೆ ಮಲಗಿದವರನ್ನು ಮೂರಕ್ಕೆ ಎಬ್ಬಿಸಿದರೆ ಪುಸ್ತಕ ತೆರೆದಿರುತ್ತದೆ, ತಲೆ ತೂಗುತ್ತಿರುತ್ತದೆ.

ಹೇಳಿಕೆ 4: ಓದದ ಪೋಷಕರು ಏನೂ ಮಾಡಲಾಗದು

ಇದು ದೊಡ್ಡ ಸುಳ್ಳು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರಿಗೆ ವಾರದ ನಂತರ ಶೇ. 42ರಷ್ಟು ನೆನಪಿತ್ತು. ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರಿಗೆ ಶೇ. 56ರಷ್ಟು ನೆನಪಿತ್ತು. ಇದನ್ನು ಮನೆಯಲ್ಲೇ ಮಾಡಿಸಬಹುದು. ರಾತ್ರಿ ಕಡಲೆಕಾಯಿ ಸುಲಿಯುತ್ತಲೇ "ಇವತ್ತು ಏನು ಪಾಠ ಆಯ್ತು, ಪುಸ್ತಕ ಮುಚ್ಚಿ ಹೇಳು" ಎಂದು ಕೇಳಿ. ಉತ್ತರ ಸರಿಯೋ ತಪ್ಪೋ ನಿಮಗೆ ಗೊತ್ತಿರಬೇಕಿಲ್ಲ. ಎಲ್ಲಿ ತಡವರಿಸಿದೆ ಎಂಬುದು ಮಗುವಿಗೇ ತಿಳಿಯುತ್ತದೆ. ಪಾವಗಡದ ಹಲವು ಮನೆಗಳ ಮಾತು ತೆಲುಗು, ಅದರಲ್ಲೇ ವಿವರಿಸಿದರೂ ಸರಿ.

ಫೇಲಾದರೆ?

ಶಾಲೆ ಬಿಡಿಸಬೇಡಿ, ಮದುವೆಯ ಮಾತು ಎತ್ತಬೇಡಿ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಮಗು ಊಟ, ಮಾತು ಬಿಟ್ಟು ಮಂಕಾಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಟ್ಟಿನಲ್ಲಿ: ಹೋಲಿಸಬೇಡಿ, ಹೆದರಿಸಬೇಡಿ. ದಿನಕ್ಕೆ ಹತ್ತು ನಿಮಿಷ ಕೇಳಿಸಿಕೊಳ್ಳಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.